ಬದುವಿನ ಮೇಲೆ ನಿಂತ ಮೊಬೈಲ್: ಉಪಗ್ರಹ ನ್ಯಾವಿಗೇಶನ್ ತರಬೇತಿಗೆ ಸೇರಲಾ, ಬೇಡವಾ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ರಜೆಯಲ್ಲಿ ಐದು ದಿನದ ಉಪಗ್ರಹ ನ್ಯಾವಿಗೇಶನ್ ತರಬೇತಿ ಇದೆ ಅಂತ ಕಾಲೇಜಿನಲ್ಲಿ ನೋಟಿಸ್ ಹಾಕಿದ್ದಾರೆ. ‘ಅದು ಎಲೆಕ್ಟ್ರಾನಿಕ್ಸ್‌ನವರಿಗೆ, ಇಸ್ರೋಗೆ ಹೋಗೋರಿಗೆ, ನಿಂಗ್ಯಾಕೆ’ ಅಂತಾರೆ ಸೀನಿಯರ್‌ಗಳು. ನನಗೆ ಆಸೆ ಬಂದಿದ್ದು ಬೇರೆ ಕಾರಣಕ್ಕೆ. ಚನ್ನಗಿರಿ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಬದುವಿನ ವಿಷಯಕ್ಕೆ ಪಕ್ಕದ ತೋಟದವರ ಜೊತೆ ಅಪ್ಪನಿಗೆ ಮಾತು ನಿಂತಿದೆ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ತೆಗೆದು ಕೊನೆಯ ಸಾಲಿನಲ್ಲಿ ನಿಂತರೆ ಒಮ್ಮೆ ನಮ್ಮ ಸರ್ವೆ ನಂಬರ್ ತೋರಿಸುತ್ತದೆ, ಒಮ್ಮೆ ಅವರದ್ದು. ತರಬೇತಿಗೆ ಹೋದರೆ ಇದು ಬಗೆಹರಿಯುತ್ತಾ? ಮುಂದೆ ಕೆಲಸಕ್ಕೆ ಉಪಯೋಗ ಆಗುತ್ತಾ? ಸೇರುವ ಮೊದಲು ಏನು ನೋಡಬೇಕು?

ಉತ್ತರ: ಬದುವಿನಿಂದಲೇ ಶುರು ಮಾಡೋಣ. ನಿಮ್ಮ ಮೊಬೈಲ್ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಗೊತ್ತಿರುವುದೇ ಅಷ್ಟು.

ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಮೀಟರ್ ಲೆಕ್ಕದಲ್ಲಿ ಒಂದು ಬದಿ 10 ಮೀಟರ್‌ಗೆ ಚೂರು ಜಾಸ್ತಿ. ಬಯಲಲ್ಲಿ, ತಲೆಯ ಮೇಲೆ ಪೂರ್ತಿ ಆಕಾಶ ಕಾಣುವಾಗ, ಒಳ್ಳೆಯ ಮೊಬೈಲ್ ತೋರಿಸುವ ಜಾಗವೇ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. 5 ಮೀಟರ್ ಅಂದರೆ 16 ಅಡಿ. ಅಡಿಕೆಯನ್ನು 9 ಅಡಿಗೊಂದು ಹಾಕಿರುತ್ತೀರಿ ಅಲ್ವಾ? ಹತ್ತಿರ ಹತ್ತಿರ ಎರಡು ಸಾಲು ಆಯಿತು. ನಿಮ್ಮ ಕೊನೆಯ ಸಾಲಿನಿಂದ ಬದುವಿಗೆ ನಾಲ್ಕೈದು ಅಡಿ ಇರಬಹುದು. ಎರಡು ಸಾಲು ಆಚೀಚೆ ಹೊಯ್ದಾಡುವ ಯಂತ್ರಕ್ಕೆ ಆ ನಾಲ್ಕೈದು ಅಡಿ ಕಾಣುವುದು ಹೇಗೆ? ಅದೂ ತೋಟದೊಳಗೆ, ಗರಿಗಳ ಕೆಳಗೆ ನಿಂತು ಕೇಳಿದ್ದೀರಿ. ಅಲ್ಲಿ 5 ಮೀಟರ್ ಕೂಡ ಸಿಗುವುದಿಲ್ಲ.

ಮೊಬೈಲ್ ನಕ್ಷೆಯಲ್ಲಿ ನೀಲಿ ಚುಕ್ಕೆ ಇರುತ್ತದೆ, ಸುತ್ತ ತಿಳಿನೀಲಿ ವೃತ್ತ ಇರುತ್ತದೆ. ಎಲ್ಲರೂ ಚುಕ್ಕೆ ನೋಡುತ್ತಾರೆ, ವೃತ್ತವನ್ನು ಯಾರೂ ನೋಡುವುದಿಲ್ಲ. ‘ನೀವು ಈ ವೃತ್ತದೊಳಗೆ ಎಲ್ಲೋ ಇದ್ದೀರಿ’ ಅಂತ ಮೊಬೈಲ್ ಪ್ರಾಮಾಣಿಕವಾಗಿಯೇ ಹೇಳಿರುತ್ತದೆ. ಐದು ದಿನದ ತರಬೇತಿಯಲ್ಲಿ ಕಲಿಯಬೇಕಾದ್ದು ಈ ವೃತ್ತದ ವಿಷಯ. ಅದು ಯಾಕೆ ಇಷ್ಟು ದೊಡ್ಡದಿದೆ, ಯಾವಾಗ ಇನ್ನೂ ಹಿಗ್ಗುತ್ತದೆ, ಬೆರಳ ಅಗಲಕ್ಕೆ ಕುಗ್ಗಿಸುವುದು ಹೇಗೆ. ಚುಕ್ಕೆ ನೋಡುವುದನ್ನು ಕಲಿಸಲು ತರಬೇತಿ ಬೇಕಿಲ್ಲ.

ಈಗ ವೃತ್ತ ಎಲ್ಲಿಂದ ಬಂತು ನೋಡಿ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಒಂದು, ಎರಡು, ಮೂರು ಅಂತ ಎಣಿಸಿ, ಸಿಡಿಲು ಎಷ್ಟು ದೂರ ಅಂತ ಅಂದಾಜು ಮಾಡುತ್ತಿದ್ದೆವಲ್ಲ, ಉಪಗ್ರಹದ್ದೂ ಅದೇ ಲೆಕ್ಕ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ‘ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ’ ಅಂತ ಕೂಗುತ್ತಲೇ ಇರುತ್ತದೆ. ಆ ಕೂಗು ನಿಮ್ಮ ಕೈಗೆ ಬರಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಮೂರು ದೂರ ಸಿಕ್ಕರೆ ಜಾಗ ಸಿಗಬೇಕು. ಆದರೆ ಮೊಬೈಲಿನ ಗಡಿಯಾರ ಅಗ್ಗದ್ದು. ಅದು ಎಷ್ಟು ತಪ್ಪಿದೆ ಅಂತಲೂ ಕಂಡುಹಿಡಿಯಬೇಕು, ಅದಕ್ಕೆ ನಾಲ್ಕನೇ ಉಪಗ್ರಹ. ಗಡಿಯಾರ ಒಂದು ನ್ಯಾನೊಸೆಕೆಂಡ್ ತಪ್ಪಿದರೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ, ದೂರ 30 ಸೆಂಟಿಮೀಟರ್ ತಪ್ಪುತ್ತದೆ. ನಿಮ್ಮ ಬದುವಿನ ಜಗಳಕ್ಕೆ ಅಷ್ಟು ಸಾಕು.

ಗಡಿಯಾರದ ಮೇಲೆ ಗಾಳಿಯ ಕಾಟ. ಸುಮಾರು 80 ಕಿಲೋಮೀಟರ್‌ನಿಂದ ಮೇಲಕ್ಕೆ ನೂರಾರು ಕಿಲೋಮೀಟರ್‌ವರೆಗೆ ಅಯಾನುಗೋಳ ಅಂತ ಒಂದು ಪದರ ಇದೆ. ಸೂರ್ಯನ ಕಿರಣಕ್ಕೆ ಅಲ್ಲಿನ ಅಣುಗಳು ಒಡೆದು ವಿದ್ಯುತ್ ಕಣಗಳಾಗಿರುತ್ತವೆ. ಸಿಗ್ನಲ್ ಅದನ್ನು ದಾಟುವಾಗ ತಡವಾಗುತ್ತದೆ. ದೂರ ಕೆಲವು ಮೀಟರ್‌ನಿಂದ ಹತ್ತಾರು ಮೀಟರ್‌ವರೆಗೆ ಜಾಸ್ತಿ ಕಾಣುತ್ತದೆ. ನಾವು ದಕ್ಷಿಣ ಭಾರತದವರು ಭೂಮಿಯ ಕಾಂತೀಯ ಸಮಭಾಜಕದ ಹತ್ತಿರ ಇದ್ದೇವೆ. ಇಲ್ಲಿ ಸೂರ್ಯ ಮುಳುಗಿದ ಮೇಲೆ ಆ ಪದರದಲ್ಲಿ ಗುಳ್ಳೆಗಳು ಏಳುತ್ತವೆ, ಸಿಗ್ನಲ್ ನಕ್ಷತ್ರದ ಹಾಗೆ ಮಿನುಗುತ್ತದೆ. ಮಾರ್ಚ್, ಏಪ್ರಿಲ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ರಾತ್ರಿಗಳಲ್ಲಿ ಇದು ಜಾಸ್ತಿ. ಯುರೋಪಿನವರು ಬರೆದ ಪಠ್ಯಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಕೊಟ್ಟಿರುತ್ತಾರೆ, ಅವರಿಗೆ ಅದರ ತೊಂದರೆ ಅಷ್ಟಿಲ್ಲ. ದಾವಣಗೆರೆಯಲ್ಲಿ ಪಾಠ ಮಾಡುವವರು ಒಂದು ಬೆಳಿಗ್ಗೆ ಪೂರ್ತಿ ಕೊಡಬೇಕು. ನಿಮ್ಮ ತರಬೇತಿಯ ವೇಳಾಪಟ್ಟಿಯಲ್ಲಿ ಈ ವಿಷಯ ಇದೆಯಾ ಅಂತ ಮೊದಲು ನೋಡಿ.

ಇನ್ನೊಂದು ತೊಂದರೆ ಕಣ್ಣಿಗೇ ಕಾಣುವಂಥದ್ದು. ನಾನು ವಿದ್ಯಾರ್ಥಿಗಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಬಂಡೆಗಳ ನಡುವೆ, ಒನಕೆ ಓಬವ್ವನ ಕಿಂಡಿಯ ಹತ್ತಿರ ಮೊಬೈಲ್ ಹಿಡಿದು ಹತ್ತು ನಿಮಿಷ ಅಲುಗಾಡದೆ ನಿಲ್ಲಿ ಅನ್ನುತ್ತೇನೆ. ಮೊಬೈಲ್ ದಾಖಲಿಸಿದ ದಾರಿ ನೋಡಿದರೆ, ನಿಂತ ಹುಡುಗ ಗೋಡೆ ಹತ್ತಿ, ಬಂಡೆ ಹಾರಿ, ಆಚೆ ಸುತ್ತಿಗೆ ಹೋಗಿ ವಾಪಸ್ ಬಂದಿರುತ್ತಾನೆ. ಎಲ್ಲರೂ ನಗುತ್ತಾರೆ. ಆದದ್ದೇನು ಅಂದರೆ, ನೇರ ಬರುವ ಸಿಗ್ನಲ್‌ಗೆ ಬಂಡೆ ಅಡ್ಡ. ಇನ್ನೊಂದು ಬಂಡೆಗೆ ಬಡಿದು ಬಂದ ಸಿಗ್ನಲನ್ನೇ ಮೊಬೈಲ್ ನೇರದ್ದು ಅಂತ ನಂಬುತ್ತದೆ. ಬಳಸಿ ಬಂದಿದ್ದಕ್ಕೆ ದೂರ ಜಾಸ್ತಿ, ಲೆಕ್ಕ ತಪ್ಪು. ಆಮೇಲೆ ಮೇಲೆ ಬಯಲಿಗೆ ಹತ್ತಿಸಿ ಅದನ್ನೇ ಮಾಡಿಸುತ್ತೇನೆ. ಹತ್ತು ನಿಮಿಷದ ಚುಕ್ಕೆಗಳೆಲ್ಲ ಒಂದು ಕೋಣೆಯ ಅಗಲದಲ್ಲಿ ಕೂತಿರುತ್ತವೆ. ಏಳು ಸುತ್ತಿನ ಕೋಟೆ ಕಟ್ಟಿದವರು ಶತ್ರುವಿನ ದಾರಿ ತಪ್ಪಿಸಲು ಏನೇನೋ ಮಾಡಿದ್ದರು. ಉಪಗ್ರಹದ ದಾರಿಯೂ ತಪ್ಪುತ್ತದೆ ಅಂತ ಅವರಿಗೇನು ಗೊತ್ತು.

ಹಾಗಾದರೆ ಸರ್ವೆಯವರು ಸೆಂಟಿಮೀಟರ್ ಲೆಕ್ಕದಲ್ಲಿ ಹೇಗೆ ಅಳೆಯುತ್ತಾರೆ? ಎರಡು ರಿಸೀವರ್ ಇಡುತ್ತಾರೆ. ಒಂದು ಬೇಸ್, ಮೊದಲೇ ಜಾಗ ಗೊತ್ತಿರುವ ಕಡೆ ಕದಲದೆ ನಿಂತಿರುತ್ತದೆ. ಇನ್ನೊಂದು ರೋವರ್, ಕೋಲಿನ ಮೇಲೆ ಕೂರಿಸಿಕೊಂಡು ಓಡಾಡುವುದು. ಎರಡೂ ಒಂದೇ ಆಕಾಶ ನೋಡುತ್ತವೆ, ಎರಡಕ್ಕೂ ಗಾಳಿಯ ತಪ್ಪು ಒಂದೇ. ಬೇಸ್‌ಗೆ ತನ್ನ ಜಾಗ ಗೊತ್ತಿರುವುದರಿಂದ ಈಗ ತಪ್ಪು ಎಷ್ಟು ಅಂತ ಅದಕ್ಕೆ ತಿಳಿಯುತ್ತದೆ, ರೋವರ್‌ಗೆ ಹೇಳುತ್ತದೆ. ಜೊತೆಗೆ ಸಿಗ್ನಲಿನ ಅಲೆಯನ್ನೇ ಎಣಿಸುತ್ತಾರೆ, ಒಂದು ಅಲೆಯ ಉದ್ದ 19 ಸೆಂಟಿಮೀಟರ್. ಹೀಗೆ ಎರಡು ಮೂರು ಸೆಂಟಿಮೀಟರ್‌ವರೆಗೆ ಬರಬಹುದು. ಈಗ ಸರ್ವೆ ಆಫ್ ಇಂಡಿಯಾದವರು ಕರ್ನಾಟಕದಲ್ಲೂ ಕಾರ್ಸ್ ಅಂತ ಸದಾ ಕೆಲಸ ಮಾಡುವ ಬೇಸ್ ಸ್ಟೇಷನ್‌ಗಳ ಜಾಲ ಹಾಕಿದ್ದಾರೆ. ಇಂಟರ್ನೆಟ್ ಇದ್ದರೆ ರೋವರ್ ಒಂದೇ ಸಾಕು, ತಿದ್ದುಪಡಿ ಅಲ್ಲಿಂದ ಬರುತ್ತದೆ.

ಕೇಳಲು ಸುಲಭ. ಒಮ್ಮೆ ನಾನು ಕೆಟ್ಟ ಕಥೆ ಹೇಳಿಬಿಡುತ್ತೇನೆ, ಇದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ವರ್ಷಗಳ ಹಿಂದೆ ಹರಿಹರದ ಕಡೆ ಒಂದು ಕಾಲುವೆ ಪಕ್ಕ ಸರ್ವೆಗೆ ಹೋಗಿದ್ದೆವು. ಎರೆ ಭೂಮಿ. ಹಿಂದಿನ ದಿನ ಮಳೆ ಬಂದು ಮೇಲೆ ಒಣಗಿ ಕಾಣುತ್ತಿತ್ತು. ಬೆಳಿಗ್ಗೆ ಮೊಳೆಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಮಟ್ಟ ತೋರಿಸುವ ಗುಳ್ಳೆ ಮಧ್ಯಕ್ಕೆ ತಂದು, ಎತ್ತರ ಅಳೆದು, ಬೇಸ್ ಶುರು ಮಾಡಿ ಹೊರಟೆವು. ಸಂಜೆ ಬಂದು ನೋಡಿದರೆ ಒಂದು ಕಾಲು ಮಣ್ಣಿಗೆ ಇಳಿದಿದೆ, ಗುಳ್ಳೆ ಅಂಚಿಗೆ ಹೋಗಿ ಕೂತಿದೆ. ಯಾವಾಗ ಇಳಿಯಿತು? ಗೊತ್ತಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೋ, ಮೂರಕ್ಕೋ. ಇಡೀ ದಿನದ 200 ಚಿಲ್ಲರೆ ಬಿಂದುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಹೇಳಲು ಬರಲಿಲ್ಲ. ರೋವರ್ ಪರದೆ ಮಾತ್ರ ಕೊನೆಯವರೆಗೂ ‘ಫಿಕ್ಸ್’, ಅಂದರೆ ಸೆಂಟಿಮೀಟರ್ ಲೆಕ್ಕ ಸಿಕ್ಕಿದೆ ಅಂತ, ಹಸಿರಾಗಿಯೇ ತೋರಿಸಿತ್ತು. ಮತ್ತೆ ಎರಡು ದಿನ ಅಳೆದೆವು, ಕೈಯಿಂದ ದುಡ್ಡು ಹೋಯಿತು. ಅವತ್ತಿನಿಂದ ಎರೆಮಣ್ಣಲ್ಲಿ ಪ್ರತಿ ಕಾಲಿನ ಕೆಳಗೂ ಚಪ್ಪಡಿ ಕಲ್ಲಿನ ಚೂರು ಇಡುತ್ತೇನೆ. ಪ್ರತಿ ಗಂಟೆಗೊಮ್ಮೆ ಗೊತ್ತಿರುವ ಬಿಂದುವಿಗೆ ಹೋಗಿ ರೋವರ್ ಇಟ್ಟು ಪರೀಕ್ಷೆ ಮಾಡುತ್ತೇನೆ. ನಿಮ್ಮ ತರಬೇತಿಯಲ್ಲಿ ಟ್ರೈಪಾಡ್ ನಿಲ್ಲಿಸಲು ಪ್ರತಿಯೊಬ್ಬರ ಕೈಗೂ ಕೊಡುತ್ತಾರಾ ಕೇಳಿ. ಇಪ್ಪತ್ತು ಜನಕ್ಕೆ ಒಂದು ಸೆಟ್ ಇದ್ದು, ಮೇಷ್ಟ್ರು ನಿಲ್ಲಿಸಿ ಉಳಿದವರು ಫೋಟೊ ಹೊಡೆದುಕೊಳ್ಳುವುದಾದರೆ ಮನೆಯಲ್ಲಿ ವಿಡಿಯೊ ನೋಡಿ.

ಸಿವಿಲ್‌ನವರು ಅಂತ ಹೇಳಿದಿರಿ, ಅದಕ್ಕೆ ಎತ್ತರದ ವಿಷಯ ಹೇಳಲೇಬೇಕು. ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಉಪಗ್ರಹದಿಂದ ಬರುವ ಎತ್ತರ ಸಮುದ್ರ ಮಟ್ಟದಿಂದ ಅಳೆದದ್ದಲ್ಲ. ಭೂಮಿಗೆ ಹೊಂದಿಸಿದ ಒಂದು ನುಣುಪಾದ ಲೆಕ್ಕದ ಗೋಳದಿಂದ ಅಳೆದದ್ದು. ನೀರು ಆ ಗೋಳವನ್ನು ಕೇಳಿ ಹರಿಯುವುದಿಲ್ಲ, ಗುರುತ್ವವನ್ನು ಕೇಳಿ ಹರಿಯುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆ ಇರುವ ಒಂದು ದೊಡ್ಡ ತಗ್ಗಿದೆ. ಅಲ್ಲಿ ಸಮುದ್ರ ಮಟ್ಟ ಆ ಗೋಳಕ್ಕಿಂತ 100 ಮೀಟರ್‌ಗೂ ಕೆಳಗೆ. ಅದರ ಬಾಲ ನಮ್ಮ ತನಕ ಬಂದಿದೆ. ದಾವಣಗೆರೆ ಕಡೆ ಎರಡು ಎತ್ತರಗಳ ನಡುವೆ 80 ಮೀಟರ್ ಆಸುಪಾಸು ವ್ಯತ್ಯಾಸ. ಸಮುದ್ರ ಮಟ್ಟದಿಂದ 600 ಮೀಟರ್ ಮೇಲಿರುವ ಊರು ರಿಸೀವರ್‌ನ ತಿದ್ದದ ಎತ್ತರದಲ್ಲಿ 520ರ ಹತ್ತಿರ ಕಾಣುತ್ತದೆ. ಬರೀ 80 ಮೀಟರ್ ತಪ್ಪಾದರೆ ಯಾರಾದರೂ ಹಿಡಿಯುತ್ತಾರೆ, ಎಲ್ಲ ಕಡೆಯೂ ಒಂದೇ ಇದ್ದರೆ ಕೂಡಿಸಿ ಮುಗಿಸಬಹುದು. ಅದು ಊರಿಂದ ಊರಿಗೆ ಸ್ವಲ್ಪ ಸ್ವಲ್ಪ ಬದಲಾಗುವುದೇ ಅಪಾಯ. ಭದ್ರಾ ನಾಲೆಯಂಥ ಕಾಲುವೆಗಳಲ್ಲಿ ಕಿಲೋಮೀಟರ್‌ಗೆ ಇಷ್ಟು ಸೆಂಟಿಮೀಟರ್ ಇಳಿಜಾರು ಅಂತ ಲೆಕ್ಕ. ಅಂಥ ಕಡೆ ತಿದ್ದದ ಎತ್ತರ ಹಿಡಿದು ಕೂತರೆ ನಕ್ಷೆಯಲ್ಲಿ ನೀರು ಹತ್ತಿ ಹರಿಯುತ್ತದೆ. ಗುರುತ್ವ ಹೇಳುವ ಈ ಸಮುದ್ರ ಮಟ್ಟಕ್ಕೆ ‘ಜಿಯಾಯ್ಡ್’ ಅಂತ ಹೆಸರು, ಆ ಪದ ತರಬೇತಿಯಲ್ಲಿ ಬಂದಾಗ ನಿದ್ದೆ ಮಾಡಬೇಡಿ.

ಹಳೆಯ ನಕ್ಷೆಗಳದ್ದೂ ಇದೇ ಜಾತಿಯ ಕಥೆ. ಹಿಂದಿನ ಸರ್ವೆ ಆಫ್ ಇಂಡಿಯಾ ಹಾಳೆಗಳು ಎವರೆಸ್ಟ್ ಅನ್ನುವ ಬೇರೆ ಗೋಳದ ಮೇಲೆ ಮಾಡಿದವು. ಸುಮ್ನೆ ಅದರ ಅಕ್ಷಾಂಶ ರೇಖಾಂಶ ತಂದು ಇವತ್ತಿನ ನಕ್ಷೆಯ ಮೇಲಿಟ್ಟರೆ ಕೆರೆ ನೂರು ಮೀಟರ್ ಆಸುಪಾಸು ಜರುಗಿ ಕೂರುತ್ತದೆ. ಇನ್ನೂ ಒಂದು ಮೋಜು ಇದೆ. ನಾವು ನಿಂತ ನೆಲವೇ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ರಿಸೀವರ್ ಇದನ್ನು ವರ್ಷಗಳಿಂದ ಅಳೆಯುತ್ತಾ ಕೂತಿದೆ. ಹತ್ತು ವರ್ಷಕ್ಕೆ ಅರ್ಧ ಮೀಟರ್. ನಿಮ್ಮ ಗಡಿಯ ಬಾಂದುಕಲ್ಲು, ಪಕ್ಕದವರ ಬಾಂದುಕಲ್ಲು, ಚನ್ನಗಿರಿ, ಎಲ್ಲ ಒಟ್ಟಿಗೇ ಹೋಗುವುದರಿಂದ ಜಗಳಕ್ಕೆ ಇದು ಸಾಕ್ಷಿಯಾಗುವುದಿಲ್ಲ.

ಇಲ್ಲೇ ಒಂದು ಸಣ್ಣ ಲೆಕ್ಕ ಕಲಿತುಬಿಡಿ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ದಶಾಂಶದ ನಾಲ್ಕನೇ ಸ್ಥಾನದಲ್ಲಿ ಒಂದು ಅಂಕಿ ಬದಲಾದರೆ 11 ಮೀಟರ್, ಹತ್ತಿರ ಹತ್ತಿರ ಒಂದು ಗುಂಟೆಯ ಬದಿ. ಐದನೆಯದು ಒಂದು ಮೀಟರ್. ಏಳನೆಯದು ಒಂದು ಸೆಂಟಿಮೀಟರ್. ಮೊಬೈಲ್ ಆ್ಯಪ್ ಏಳು ಸ್ಥಾನ ತೋರಿಸಿದರೆ ಏಳನ್ನೂ ನಂಬಬೇಕು ಅಂತೇನಿಲ್ಲ. 5 ಮೀಟರ್ ಆಚೀಚೆ ಇರುವ ಯಂತ್ರದಲ್ಲಿ ಕೊನೆಯ ಮೂರು ಅಂಕಿ ಬರೀ ಅಲಂಕಾರ.

‘ಇಸ್ರೋಗೆ ಹೋಗೋರಿಗೆ’ ಅಂದರಲ್ಲ ನಿಮ್ಮ ಸೀನಿಯರ್, ಅದಕ್ಕೂ ಉತ್ತರ ಇದೆ. ಇಸ್ರೋ ಕೆಲಸ ನಿಮ್ಮ ಪಕ್ಕದ ಜಿಲ್ಲೆಗೇ ಬಂದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯಿರುವ ಮರುಬಳಕೆ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್‌ನಲ್ಲಿ, ಮತ್ತೆ ಜೂನ್‌ನಲ್ಲಿ ಇನ್ನೂ ಕಷ್ಟದ ಪರೀಕ್ಷೆ ಮಾಡಿದರು. ಅದಕ್ಕೆ ದಾರಿ ಹೇಳಿದ್ದು ಒಂದೇ ಉಪಕರಣ ಅಲ್ಲ. ಒಳಗಿನ ಜಡತ್ವ ಸಂವೇದಕ, ರೇಡಾರ್ ಎತ್ತರಮಾಪಕ, ನಮ್ಮ ದೇಶದ್ದೇ ಉಪಗ್ರಹ ನ್ಯಾವಿಗೇಶನ್ ಆದ ನಾವಿಕ್‌ನ ರಿಸೀವರ್, ಜೊತೆಗೆ ಸ್ಯೂಡೊಲೈಟ್. ಸ್ಯೂಡೊಲೈಟ್ ಅಂದರೆ ನೆಲದ ಮೇಲೆ ನಿಲ್ಲಿಸಿದ, ಉಪಗ್ರಹದ ಹಾಗೆಯೇ ಕೂಗುವ ಪೆಟ್ಟಿಗೆ. ರನ್‌ವೇ ಮೇಲೆ ಇಳಿಯುವಾಗ 5 ಮೀಟರ್ ವೃತ್ತ ಸಾಲದು, ಅದಕ್ಕೆ ಹತ್ತಿರದಲ್ಲೇ ಇನ್ನಷ್ಟು ಸಿಗ್ನಲ್ ಬೇಕಾಯಿತು. ನಿಮ್ಮ ತೋಟದ ತೊಂದರೆಯೇ ಇದು, ಬೆಲೆ ಮಾತ್ರ ಜಾಸ್ತಿ.

ನಾವಿಕ್ ಬಗ್ಗೆ ತರಬೇತಿಯಲ್ಲಿ ಹೆಮ್ಮೆಯ ಭಾಷಣ ಇದ್ದೇ ಇರುತ್ತದೆ. ಇರಲಿ. ಆದರೆ ಪೂರ್ತಿ ಕಥೆ ಹೇಳುವವರ ಹತ್ತಿರ ಕಲಿಯಿರಿ. 2013ರ ಜುಲೈ 1ರಂದು ಮೊದಲ ಉಪಗ್ರಹ ಹೋಯಿತು, 2016ಕ್ಕೆ ಏಳು ಆದವು, ಪ್ರಧಾನಿ ನಾವಿಕ್ ಅಂತ ಹೆಸರಿಟ್ಟರು. ಜಿಪಿಎಸ್ ಉಪಗ್ರಹಗಳ ಹಾಗೆ ಇವು ಆಕಾಶವೆಲ್ಲ ಅಲೆಯುವುದಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಮೂರು ನಿಂತ ಹಾಗೇ ಇರುತ್ತವೆ, ಉಳಿದ ನಾಲ್ಕು ಪ್ರತಿದಿನವೂ ಒಮ್ಮೆ ಎಂಟರ ಆಕಾರ ಬರೆಯುತ್ತವೆ. ಹಾಗಾಗಿ ಅವು ಯಾವಾಗಲೂ ನಮಗೆ ಕಾಣುತ್ತವೆ. ಆದರೆ ಕೆಲವು ಉಪಗ್ರಹಗಳ ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಕೈಕೊಟ್ಟವು. ಗಡಿಯಾರ ಹೋದರೆ ಉಪಗ್ರಹ ಇದ್ದೂ ದಾರಿ ಹೇಳಲು ಬರುವುದಿಲ್ಲ. ಬದಲಿಗೆ 2017ರಲ್ಲಿ ಕಳಿಸಿದ್ದು ಉಷ್ಣ ಕವಚ ಬಿಚ್ಚಿಕೊಳ್ಳದೆ ಹಾಳಾಯಿತು. 2023ರ ಮೇನಲ್ಲಿ ಹೋದ ಎನ್‌ವಿಎಸ್-01ರಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಇದೆ, ಸಾಮಾನ್ಯ ಮೊಬೈಲ್‌ಗೆ ಅನುಕೂಲವಾದ ಎಲ್1 ತರಂಗಾಂತರವೂ ಸೇರಿದೆ. 2025ರ ಜನವರಿಯ ಎನ್‌ವಿಎಸ್-02 ಮತ್ತೆ ಸರಿಯಾದ ಕಕ್ಷೆ ಮುಟ್ಟಲಿಲ್ಲ. ಇಷ್ಟನ್ನೂ ಹೇಳಿ, ನ್ಯಾನೊಸೆಕೆಂಡಿನ ಲೆಕ್ಕಕ್ಕೆ ಜೋಡಿಸುವ ಮೇಷ್ಟ್ರು ಸಿಕ್ಕರೆ ಬಿಡಬೇಡಿ.

ಇನ್ನು ಏನು ಕೇಳಬೇಕು ಅಂದರೆ, ಕಚ್ಚಾ ಡೇಟಾ ಕೈಗೆ ಕೊಡುತ್ತಾರಾ? ರೈನೆಕ್ಸ್ ಅಂತ ಒಂದು ಫೈಲ್ ನಮೂನೆ ಇದೆ, ಯಾವ ಕಂಪನಿಯ ರಿಸೀವರ್ ಆದರೂ ಅದಕ್ಕೆ ಬದಲಾಯಿಸಬಹುದು. ಆರ್‌ಟಿಕೆಲಿಬ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿ ನೀವೇ ಲೆಕ್ಕ ಮಾಡಬಹುದು. ನೀವೇ ಅಳೆದ ಡೇಟಾ, ನೀವೇ ಮಾಡಿದ ಲೆಕ್ಕ, ಕೊನೆಯ ದಿನ ನೀವೇ ‘ನನ್ನ ತಪ್ಪು ಇಷ್ಟು’ ಅಂತ ಬರೆದು ಕೊಡುವ ಒಂದು ಹಾಳೆ. ಇದು ಇದ್ದರೆ ಐದು ದಿನ ಸಾರ್ಥಕ. ಬರೀ ರಾಕೆಟ್ ಚಿತ್ರ, ಕೊನೆಗೊಂದು ಸರ್ಟಿಫಿಕೇಟ್ ಇದ್ದರೆ ಆ ದುಡ್ಡಲ್ಲಿ ಬೆಣ್ಣೆ ದೋಸೆ ತಿನ್ನಿ. ಪಾಠ ಮಾತ್ರ ಬೇಕು ಅಂದರೆ ಡೆಹ್ರಾಡೂನ್‌ನ ಭಾರತೀಯ ದೂರಸಂವೇದಿ ಸಂಸ್ಥೆ, ಅದು ಇಸ್ರೋದ್ದೇ, ಆನ್‌ಲೈನ್‌ನಲ್ಲಿ ಉಚಿತವಾಗಿ ಪಾಠ ಮಾಡುತ್ತದೆ. ಅದರಲ್ಲಿ ಉಪಗ್ರಹ ನ್ಯಾವಿಗೇಶನ್ ಕೂಡ ಇರುತ್ತದೆ. ಅದನ್ನು ಮೊದಲು ಮುಗಿಸಿಕೊಂಡು ಹೋದರೆ ಇಲ್ಲಿ ಐದು ದಿನವೂ ಹೊಲದಲ್ಲೇ ಕಳೆಯಬಹುದು.

ಕೆಲಸದ ಮಾತು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವ ನಿಯಮ ಸಡಿಲಿಸಿದ ಮೇಲೆ ಖಾಸಗಿಯವರಿಗೆ ದಾರಿ ಸಲೀಸಾಗಿದೆ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿ ಗಿರಣಿಗಳಿಂದ ಹಿಡಿದು ತುಮಕೂರು-ದಾವಣಗೆರೆ ರೈಲು ಮಾರ್ಗದ ತನಕ ರೋವರ್ ಹಿಡಿಯದೆ ಈಗ ಯಾವ ಕೆಲಸವೂ ಆಗುವುದಿಲ್ಲ. ಆದರೆ ಗುಂಡಿ ಒತ್ತುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಂದರ್ಶನದಲ್ಲಿ ನಾನು ಕೇಳುವುದು ಒಂದೇ: ‘ಈ ಬಿಂದು ಸರಿ ಅಂತ ಹೇಗೆ ಹೇಳ್ತೀಯಪ್ಪ?’

ಕೊನೆಗೆ ತೋಟ. ತರಬೇತಿಯಿಂದ ನಿಮ್ಮ ಬದು ತೀರ್ಮಾನ ಆಗುವುದಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ಎರಡು ಸೆಂಟಿಮೀಟರ್ ನಿಖರತೆಯ ರೋವರ್ ತಂದರೂ ಅದು ‘ಬದು ಇಲ್ಲಿದೆ’ ಅನ್ನುತ್ತದೆ ಹೊರತು ‘ಬದು ಎಲ್ಲಿರಬೇಕಿತ್ತು’ ಅನ್ನುವುದಿಲ್ಲ. ಅದನ್ನು ಹೇಳುವುದು ಹಳೆಯ ಸರ್ವೆ ಟಿಪ್ಪಣಿ, ಜಮೀನಿನ ವಿಸ್ತೀರ್ಣ ಬರೆದಿಟ್ಟ ಆಕಾರಬಂದ್, ನೆಲದಲ್ಲಿ ಉಳಿದಿರುವ ಬಾಂದುಕಲ್ಲು. ಆ್ಯಪ್‌ನಲ್ಲಿ ಕಾಣುವ ಗೆರೆಯೂ ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು. ಗೆರೆಗೂ ಒಂದು ವೃತ್ತ ಇದೆ, ಅದನ್ನು ಯಾರೂ ಬಿಡಿಸಿ ತೋರಿಸುವುದಿಲ್ಲ. ಗಡಿ ಅಳೆದು ಗುರುತಿಸಿಕೊಡುವ ಹದ್ದುಬಸ್ತಿಗೆ ಅರ್ಜಿ ಹಾಕಿ. ಅಳತೆಗೆ ಬರುವ ಮೊದಲು ಪಕ್ಕದವರಿಗೂ ನೋಟಿಸ್ ಹೋಗುತ್ತದೆ. ಅದಕ್ಕೂ ಮೊದಲು ಅಪ್ಪನೇ ಹೋಗಿ ಒಂದು ಮಾತು ಹೇಳಿದರೆ ಒಳ್ಳೆಯದು.

ತರಬೇತಿಗೆ ಮುಂಚೆ ಒಂದು ಕೆಲಸ ಮಾಡಿಕೊಂಡು ಹೋಗಿ. ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಜಿಪಿಎಸ್‌ಟೆಸ್ಟ್ ಅನ್ನುವ ಉಚಿತ ಆ್ಯಪ್ ಹಾಕಿಕೊಳ್ಳಿ. ಬಾಂದುಕಲ್ಲಿನ ಮೇಲೆ ಮೊಬೈಲ್ ಇಟ್ಟು, ನಿಮಿಷಕ್ಕೊಮ್ಮೆಯಂತೆ ಅರ್ಧ ಗಂಟೆ ಅಕ್ಷಾಂಶ, ರೇಖಾಂಶ, ಎಷ್ಟು ಉಪಗ್ರಹ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಮನೆಯ ತಾರಸಿ ಮೇಲೆ ಅದನ್ನೇ ಮಾಡಿ. ಮಾರನೇ ದಿನ 4 ನಿಮಿಷ ಮೊದಲು ಶುರು ಮಾಡಿ, ಜಿಪಿಎಸ್ ಉಪಗ್ರಹಗಳು ಹಿಂದಿನ ದಿನದ ಜಾಗಕ್ಕೆ ಅಷ್ಟು ಬೇಗ ಬಂದಿರುತ್ತವೆ. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಹಾಕಿ ಮೊದಲ ದಿನವೇ ಮೇಷ್ಟ್ರಿಗೆ ತೋರಿಸಿ. ಅವರು ಕನ್ನಡಕ ಹಾಕಿಕೊಂಡು ಹಾಳೆ ಹತ್ತಿರ ಎಳೆದುಕೊಂಡರೆ ಐದು ದಿನವೂ ಕೂತುಕೊಳ್ಳಿ.